ಎರಡನೇ ಮನೆಯ ಬಾಡಿಗೆ

ಗುರುವಾರ, ಸಂಜೆ

ರೀ,

ಕಾಗದದಲ್ಲಿ ನಿಮ್ಮನ್ನು ಇನ್ನು ಹೇಗೆ ಕರೆಯಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಅಡುಗೆಮನೆಯಿಂದ ಕೂಗಿದ್ದೇ ಹೀಗೆ. ಈಗ ಹೊಸದಾಗಿ ಶ್ರೀಯುತರೇ ಎಂದು ಶುರುಮಾಡಿದರೆ ನಿಮಗೆ ನಗು ಬರುತ್ತದೆ, ನನಗೆ ಮುಂದಕ್ಕೆ ಕೈ ಓಡುವುದಿಲ್ಲ. ಇಲ್ಲಿ ನಾನು ಕ್ಷೇಮ. ಪುಟ್ಟಿ ಹಾಸ್ಟೆಲಿನಿಂದ ರಜೆಗೆ ಬಂದಿದ್ದಾಳೆ, ಅವಳೂ ಕ್ಷೇಮ. ನೀವು ಕ್ಷೇಮವಾಗಿದ್ದೀರಿ ಎಂದುಕೊಳ್ಳಲು ಇಷ್ಟು ದಿನ ನನಗೊಂದು ಆಧಾರವಿತ್ತು. ಈ ವಾರ ಅದೂ ಕೈಬಿಟ್ಟಿತು.

ನಮ್ಮ ಟಿವಿಗೆ ಇಂಟರ್ನೆಟ್ಟಿನಲ್ಲಿ ಸಿನಿಮಾ ಕೊಡುವ ಬಾಡಿಗೆ ಕಂಪನಿಯಿಂದ ಮುಂದಿನ ವಾರ ನಿಮ್ಮ ಫೋನಿಗೆ ಒಂದು ಸಂದೇಶ ಬರುತ್ತದೆ. ಖಾತೆಯನ್ನು ನನ್ನ ಹೆಸರಿಗೆ ಬದಲಾಯಿಸಲು ನಿಮ್ಮ ಒಪ್ಪಿಗೆ ಇದೆಯೇ ಎಂದು ಅದರಲ್ಲಿ ಕೇಳಿರುತ್ತಾರೆ. ಅದನ್ನು ಒತ್ತುವ ಮೊದಲು ಇದನ್ನು ಪೂರ್ತಿ ಓದಿ. ನನ್ನ ಮಾತು ಉದ್ದ ಎಂದು ನೀವು ಯಾವಾಗಲೂ ಹೇಳುತ್ತಿದ್ದಿರಿ. ಇವತ್ತೊಂದು ದಿನ ಸಹಿಸಿಕೊಳ್ಳಿ.

ಖಾತೆ ತೆರೆದವರು ನೀವು. ಹೆಸರು ನಿಮ್ಮದು, ಫೋನ್ ನಂಬರು ನಿಮ್ಮದು, ದುಡ್ಡು ಹೋಗುವುದು ಮಾತ್ರ ನನ್ನ ಬ್ಯಾಂಕಿನಿಂದ. ನಮ್ಮ ಮನೆಯ ವ್ಯವಹಾರವೆಲ್ಲ ಹೀಗೇ ಅಲ್ಲವೇ? ಒಂದು ಮನೆಗೆ ತಿಂಗಳಿಗೆ ಇಷ್ಟು ಬಾಡಿಗೆ ಎಂದು ಮಾತಾಗಿತ್ತು. ನೀವು ಹೋದ ಮರುತಿಂಗಳು ಅದಕ್ಕಿಂತ ಜಾಸ್ತಿ ಕಟ್ಟಾಯಿತು. ಟಿವಿಯಲ್ಲಿ ಲೆಕ್ಕದ ಪುಟ ತೆಗೆದು ನೋಡಿದೆ. ನಮ್ಮ ಬಾಡಿಗೆಯ ಕೆಳಗೆ ಇನ್ನೊಂದು ಸಾಲು ಸೇರಿಕೊಂಡಿತ್ತು: ಎರಡನೇ ಮನೆ. ಅದರ ಬಾಡಿಗೆ ಮೊದಲನೆಯದಕ್ಕಿಂತ ಹೆಚ್ಚು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗೆ.

ಗಂಡಸಿಗೆ ಎರಡನೇ ಮನೆಯಿದೆ ಎಂದರೆ ನಮ್ಮ ಮಾತಿನಲ್ಲಿ ಏನರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಎರಡು ಪದ ಓದಿ ನೆಲದ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಬುದ್ಧಿ ನೆಟ್ಟಗಾಯಿತು. ಒಬ್ಬಳ ಜೊತೆ ಮಾತಾಡುವುದಕ್ಕೇ ನಿಮಗೆ ಬೇಜಾರು, ಇಬ್ಬರನ್ನು ಎಲ್ಲಿ ಸಂಭಾಳಿಸುತ್ತೀರಿ? ಟೈರು ಅಂಗಡಿಯ ಮೇಲೆ ನೀವು ಹಿಡಿದಿರುವ ಕೋಣೆಯಲ್ಲಿ ಟಿವಿ ಹಾಕಿಸಿಕೊಂಡಿರಬೇಕು, ನಮ್ಮ ಖಾತೆಯಲ್ಲೇ ಸಿನಿಮಾ ನೋಡುತ್ತಿರಬೇಕು, ಕಂಪನಿಯವರು ಅದನ್ನು ಎರಡನೇ ಮನೆ ಎಂದು ಹಿಡಿದಿದ್ದಾರೆ ಎಂದುಕೊಂಡೆ.

ಹಾಗಂದುಕೊಂಡ ಮೇಲೆ, ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಒಂದು ಸಿನಿಮಾ ಹಾಕುವ ರೂಢಿಯನ್ನು ನಾನು ಬಿಟ್ಟಿರಲಿಲ್ಲ. ನೀವು ಅರ್ಧಕ್ಕೇ ಗೊರಕೆ ಹೊಡೆದು, ಕೊನೆಗೆ ಎದ್ದು, ಏನಾಯಿತು, ಯಾರು ಸತ್ತರು ಎಂದು ಕೇಳುತ್ತಿದ್ದಿರಿ. ನಾನು ಕಥೆಯನ್ನೆಲ್ಲ ಮೊದಲಿನಿಂದ ಹೇಳಬೇಕಾಗಿತ್ತು. ನೀವಿಲ್ಲದ ಮೇಲೆ ಒಬ್ಬಳೇ ನೋಡುವಾಗ, ಅಲ್ಲಿ ಆ ಕೋಣೆಯಲ್ಲಿ ಇವರೂ ಇದೇ ಹೊತ್ತಿಗೆ ಒಂದು ಸಿನಿಮಾ ಹಾಕಿಕೊಂಡು ಗೊರಕೆ ಹೊಡೆಯುತ್ತಿರುತ್ತಾರೆ ಎಂದುಕೊಳ್ಳುತ್ತಿದ್ದೆ. ಮನೆಗೆ ಫೋನ್ ಮಾಡದಿದ್ದರೇನು, ಖಾತೆಯಾದರೂ ಒಂದೇ ಇದೆಯಲ್ಲ ಎಂದು ಸಮಾಧಾನ. ಬಾಡಿಗೆ ತಿಂಗಳು ತಿಂಗಳು ಹೋಗುತ್ತಿತ್ತು, ನಾನು ಸುಮ್ಮನಿದ್ದೆ.

ಊರಿಗೆಲ್ಲ ನಾನು ಹೇಳಿದ್ದು ಬೇರೆ. ಯಾವುದೋ ದೂರದ ಊರಿನಲ್ಲಿ ದೊಡ್ಡ ಆಸ್ಪತ್ರೆ ಕಟ್ಟುತ್ತಿದ್ದಾರೆ, ಅಲ್ಲಿ ಲಿಫ್ಟ್ ಕೂರಿಸುವ ಕೆಲಸಕ್ಕೆ ಇವರ ಲಿಫ್ಟ್ ಕಂಪನಿಯವರು ಕಳಿಸಿದ್ದಾರೆ ಎಂದಿದ್ದೆ. ಅಕ್ಕನಿಗೂ ಅದೇ, ಕಟ್ಟು ಹಲ್ಲು ಮಾಡುವ ನಮ್ಮ ವರ್ಕ್‌ಶಾಪಿನಲ್ಲೂ ಅದೇ. ಅಕ್ಕ ಬಿಡುವವಳಲ್ಲ. ಆ ಆಸ್ಪತ್ರೆಗೆ ಎಷ್ಟು ಅಂತಸ್ತು, ಆಕಾಶಕ್ಕೇನಾದರೂ ಲಿಫ್ಟ್ ಹಾಕುತ್ತಿದ್ದಾರಾ ಎಂದು ಒಮ್ಮೆ ಕೇಳಿದಳು. ನಾನು ನಕ್ಕು ಬೇರೆ ಮಾತು ತೆಗೆದೆ.

ಯಾಕೆ ಹಾಗೆ ಹೇಳಿದೆ ಎಂದರೆ, ನನ್ನ ಹತ್ತಿರ ಬೇರೆ ಮಾತೇ ಇರಲಿಲ್ಲ. ಆವತ್ತು ನಾವು ಜಗಳವಾಡಿರಲಿಲ್ಲ. ಈ ಮನೆಯಲ್ಲಿ ಉಸಿರು ಕಟ್ಟಿದ ಹಾಗಾಗುತ್ತದೆ, ಸ್ವಲ್ಪ ದಿನ ಒಬ್ಬನೇ ಇರುತ್ತೇನೆ ಎಂದಿರಿ. ನಾನು ಏನು ಮಾಡಿದೆ ಎಂದು ಕೇಳಿದ್ದಕ್ಕೆ, ನೀನೇನೂ ಮಾಡಿಲ್ಲ ಎಂದಿರಿ. ಏನಾದರೂ ಮಾಡಿದ್ದರೆ ತಿದ್ದಿಕೊಳ್ಳಬಹುದಿತ್ತು. ಕಾಫಿ ಕುಡಿದಿರಿ, ಟೂಲ್ ಬ್ಯಾಗು, ಶೇವಿಂಗ್ ಡಬ್ಬಿ ತೆಗೆದುಕೊಂಡಿರಿ, ಬಾಗಿಲಲ್ಲಿ ತಿರುಗಿ ನಿಂತು “ಬರ್ತೀನಿ” ಎಂದಿರಿ. ಮನೆಯಿಂದ ಹೊರಡುವವರು ಹೋಗ್ತೀನಿ ಎನ್ನಬಾರದು, ಬರ್ತೀನಿ ಎನ್ನಬೇಕು ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಕಲಿಸಿರುತ್ತಾರೆ. ನೀವು ಆ ರೂಢಿಯಲ್ಲಿ ಅಂದಿರೋ, ಮನಸ್ಸಿನಿಂದ ಅಂದಿರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬರ್ತೀನಿ ಎಂದವರನ್ನು ಹೋದರು ಎಂದು ನಾಲ್ಕು ಜನರ ಮುಂದೆ ನಾನು ಹೇಗೆ ಹೇಳಲಿ?

ಭಾನುವಾರ ಪುಟ್ಟಿ ಆ ಲೆಕ್ಕದ ಪುಟ ನೋಡಿದಳು. ಎರಡನೇ ಮನೆ ಯಾವುದಮ್ಮಾ ಎಂದಳು. ಹೇಳಿದೆ. ಅವಳಿಗೆ ಬಂದ ಸಿಟ್ಟು ನೀವು ನೋಡಬೇಕಿತ್ತು. ಅಪ್ಪ ಅಲ್ಲಿ ಆರಾಮಾಗಿ ಕಾಲು ಚಾಚಿಕೊಂಡು ಸಿನಿಮಾ ನೋಡುವುದು, ನೀನು ಇಲ್ಲಿ ಇಡೀ ದಿನ ಬೆನ್ನು ಬಗ್ಗಿಸಿ ದುಡಿದು ಬಾಡಿಗೆ ಕಟ್ಟುವುದು, ಇದು ಯಾವ ನ್ಯಾಯ ಎಂದು ಕೂಗಾಡಿದಳು. ನಾಳೆ ನೀನು ಕಂಪನಿಗೆ ಫೋನ್ ಮಾಡದಿದ್ದರೆ ನಾನು ಅಪ್ಪನಿಗೇ ಮಾಡುತ್ತೇನೆ ಎಂದಳು. ಅವಳು ನಿಮಗೆ ಏನೇನು ಅಂದುಬಿಡುತ್ತಾಳೋ ಎಂದು ಹೆದರಿ ನಾನೇ ಮಾಡುತ್ತೇನೆ ಎಂದು ಒಪ್ಪಿಕೊಂಡೆ.

ಸೋಮವಾರ ಊಟದ ಬಿಡುವಿನಲ್ಲಿ ವರ್ಕ್‌ಶಾಪಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಕಂಪನಿಗೆ ಫೋನ್ ಮಾಡಿದೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ ಕೊಟ್ಟರು, ಹೋದ ಪುಟ್ಟ ಬಂದ ಪುಟ್ಟ. ಕೊನೆಗೆ ಒಬ್ಬ ಹುಡುಗಿ ಸಿಕ್ಕಿದಳು. ಮೆತ್ತಗಿನ ದನಿ. ಬಾಡಿಗೆ ಜಾಸ್ತಿ ಬರುತ್ತಿದೆ ಎಂದು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಖಾತೆ ಬೇರೆಯವರ ಹೆಸರಿನಲ್ಲಿದೆ, ಅವರ ಹತ್ತಿರವೇ ಮಾತಾಡಬೇಕು ಎಂದಳು. ಅವಳು ಯಾರೋ, ನಾನು ಯಾರೋ. ನನ್ನ ಮುಖ ಅವಳಿಗೆ ಕಾಣುವುದಿಲ್ಲ ಎಂಬ ಧೈರ್ಯಕ್ಕೆ, ಅಕ್ಕನಿಗೂ ಹೇಳದ ಮಾತು ಬಾಯಿಂದ ಬಂದುಬಿಟ್ಟಿತು.

“ನಮ್ಮ ಮನೆಯವರು ಇಲ್ಲಮ್ಮ. ಹೋಗಿಬಿಟ್ಟರು.”

ಅಯ್ಯೋ, ಯಾವಾಗ ಮೇಡಂ ಎಂದಳು. ಹೋದ ಬೇಸಿಗೆಯಲ್ಲಿ ಎಂದೆ. ಏನಾಗಿತ್ತು ಎಂದಳು. ಏನೂ ಆಗಿರಲಿಲ್ಲ, ಚೆನ್ನಾಗೇ ಇದ್ದರು, ಬೆಳಗ್ಗೆ ಎದ್ದು ಕಾಫಿ ಕುಡಿದರು, ಅಷ್ಟೇ ಎಂದೆ. ನಾನು ನಡೆದದ್ದನ್ನು ನಡೆದ ಹಾಗೇ ಹೇಳುತ್ತಿದ್ದೆ.

“ನಮ್ಮಪ್ಪನೂ ಹೀಗೇ ಮೇಡಂ. ಕೈಯಲ್ಲಿ ಕಾಫಿ ಲೋಟ ಇತ್ತು.”

ಆಗ ನನಗೆ ಅರ್ಥವಾಯಿತು. ಇಲ್ಲಮ್ಮ, ನಾನು ಹೇಳಿದ್ದು ಹಾಗಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, ಊಟ ಮಾಡಿದಿರಾ ಮೇಡಂ, ಇಂಥ ಹೊತ್ತಲ್ಲಿ ಊಟ ತಪ್ಪಿಸಬಾರದು ಎಂದಳು. ರೀ, ನೀವು ಹೋದ ಮೇಲೆ ನನ್ನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. ನಾನೇ ಯಾರಿಗೂ ಕೇಳಲು ಬಿಟ್ಟಿರಲಿಲ್ಲ ಅನ್ನಿ. ಸತ್ತವರ ಮನೆಗೆ ಜನ ಬಂದು ಕೂರುತ್ತಾರೆ. ಬಿಟ್ಟುಹೋದವರ ಮನೆಗೆ ಬಂದರೂ ಕಾರಣ ಹುಡುಕುವುದಕ್ಕೆ ಬರುತ್ತಾರೆ. ಆ ಮೆಟ್ಟಿಲ ಮೇಲೆ ಕೂತು ನಾನು ಅತ್ತೆ. ಅವಳೂ ಅತ್ತಳು ಎಂದು ಕಾಣುತ್ತದೆ. ಮಾತು ತಿದ್ದಲಿಲ್ಲ ನಾನು.

ಅತ್ತು ಮುಗಿಸಿ ಅವಳೇ ಮೊದಲು ಕೆಲಸಕ್ಕೆ ಬಂದಳು. ಯಜಮಾನರು ಇಲ್ಲವೆಂದ ಮೇಲೆ ಎರಡನೇ ಮನೆಯಲ್ಲಿ ಸಿನಿಮಾ ನೋಡುತ್ತಿರುವವರು ಯಾರು ಮೇಡಂ ಎಂದು ಕೇಳಿದಳು. ಗೊತ್ತಿಲ್ಲಮ್ಮ ಎಂದೆ. ಹಾಗಾದರೆ ಯಾರೋ ಕಳ್ಳರು ನಿಮ್ಮ ಖಾತೆ ಬಳಸುತ್ತಿದ್ದಾರೆ, ನಾನು ಬಿಡುವುದಿಲ್ಲ, ಪತ್ತೆಹಚ್ಚಿ ಫೋನ್ ಮಾಡುತ್ತೇನೆ ಎಂದಳು. ಸತ್ತವರ ಹೆಸರಿನಲ್ಲಿ ಮೋಸ ಮಾಡುತ್ತಾರಲ್ಲ, ಎಂಥ ಜನ ಎಂದು ಬೈದಳು. ನಿಮ್ಮನ್ನೇ ಬೈಯುತ್ತಿದ್ದಾಳೆ ಎಂದು ಅವಳಿಗೇನು ಗೊತ್ತು?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ. ಬದುಕಿರುವ ಗಂಡನನ್ನು ಬಾಯಾರೆ ಸಾಯಿಸಿ ಬಂದೆನಲ್ಲ ಎಂದು ಸಂಕಟ. ಅದಕ್ಕಿಂತ ದೊಡ್ಡ ಹೆದರಿಕೆ, ಅವಳು ನಿಮ್ಮ ಕೋಣೆ ಪತ್ತೆ ಮಾಡಿ ಅಲ್ಲಿನ ಸಿನಿಮಾ ನಿಲ್ಲಿಸಿಬಿಟ್ಟರೆ ನನಗಿದ್ದ ಒಂದೇ ಒಂದು ಗುರುತೂ ಹೋಗುತ್ತದೆ ಎಂದು.

ಮಾರನೇ ದಿನ ಅವಳ ಫೋನ್ ಬಂದಾಗ ನಾನು ಮೇಣದ ಮೇಲೆ ಒಬ್ಬ ಅಜ್ಜಿಯ ಮುಂದಿನ ಹಲ್ಲುಗಳನ್ನು ಕೂರಿಸುತ್ತಿದ್ದೆ. ಮೇಣ ಬೆಚ್ಚಗಿರುವಾಗಲೇ ಮುಗಿಸಬೇಕು, ಬಿಟ್ಟರೆ ಸಾಲು ಸೊಟ್ಟಗಾಗುತ್ತದೆ. ಕೈಗೆಲ್ಲ ಅಂಟಿತ್ತು. ಫೋನನ್ನು ಮೇಜಿನ ಮೇಲೇ ಇಟ್ಟು ಸ್ಪೀಕರಿಗೆ ಹಾಕಿದೆ. ಪಕ್ಕದಲ್ಲಿ ಪಾಲಿಶ್ ಮೆಷಿನ್ ಗಿರಗುಟ್ಟುತ್ತಿದ್ದರೆ ಅಲ್ಲಿ ಒಬ್ಬರ ಮೇಜಿನ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ, ನಿಮಗೇ ಗೊತ್ತು.

ಕಳ್ಳರು ಯಾರೂ ಇಲ್ಲ ಮೇಡಂ, ತಪ್ಪು ನಮ್ಮದೇ ಎಂದಳು. ನೀವು ಹೋದ ತಿಂಗಳೇ ಪುಟ್ಟಿ ಹಳೆಯ ಇಂಟರ್ನೆಟ್ ತೆಗೆಸಿ ಬೇರೆ ಲೈನು ಹಾಕಿಸಿದ್ದಳು. ಹಳೆಯದರ ಬಿಲ್ಲು ಕಟ್ಟುತ್ತಿದ್ದವರು ನೀವು, ಅದು ನಿಂತುಹೋಗಿತ್ತು. ಹೊಸ ಲೈನಿನಲ್ಲಿ ಸಿನಿಮಾ ಹಾಕಿದ ಕೂಡಲೇ ಅವರ ಯಂತ್ರ ಇದನ್ನು ಬೇರೆ ಮನೆ ಎಂದು ಬರೆದುಕೊಂಡಿತಂತೆ. ಹಳೆಯ ಲೈನನ್ನು ಮೊದಲನೇ ಮನೆ ಎಂದು ಹಾಗೇ ಇಟ್ಟುಕೊಂಡು ಎರಡಕ್ಕೂ ಬಾಡಿಗೆ ಹಾಕುತ್ತಾ ಬಂದಿತಂತೆ. ನನಗೆ ಸರಿಯಾಗಿ ತಲೆಗೆ ಹೋಗಲಿಲ್ಲ. ಇನ್ನೊಂದು ಸಲ ಹೇಳಮ್ಮ ಎಂದೆ.

“ನೀವಿರೋದೇ ಎರಡನೇ ಮನೆ ಮೇಡಂ. ಮೊದಲನೇ ಮನೆಯಲ್ಲಿ ಯಾರೂ ಇಲ್ಲ.”

ನೀವು ಒಂದು ಸಿನಿಮಾ ಕೂಡ ನೋಡಿಲ್ಲ. ಒಂದು ಭಾನುವಾರ ಕೂಡ. ಅಲ್ಲಿ ಟಿವಿ ಇದೆಯೋ ಇಲ್ಲವೋ. ಬೇಸಿಗೆಯಿಂದ ಇಲ್ಲಿಯತನಕ ನಾನು ನಿಮ್ಮ ಜೊತೆ ಕೂತಿದ್ದೇನೆ ಎಂದುಕೊಂಡಿದ್ದೆಲ್ಲ ನಾನೊಬ್ಬಳೇ ಕೂತಿದ್ದದ್ದು. ನೀವು ಹೊರಟ ದಿನವೂ ನನಗೆ ಅಷ್ಟು ದುಃಖವಾಗಿರಲಿಲ್ಲ.

ಅವಳು ಪಾಪ ಸಂತೋಷದಿಂದ ಹೇಳುತ್ತಲೇ ಇದ್ದಳು. ಹೆಚ್ಚಿಗೆ ತೆಗೆದುಕೊಂಡದ್ದನ್ನೆಲ್ಲ ವಾಪಸ್ ಕೊಡುತ್ತಾರೆ, ಮೇಲಿನವರ ಹತ್ತಿರ ಜಗಳವಾಡಿ ಒಪ್ಪಿಸಿದ್ದೇನೆ, ಖಾತೆಯನ್ನು ನಿಮ್ಮ ಹೆಸರಿಗೆ ಮಾಡಿಬಿಡೋಣ, ಯಜಮಾನರ ಮರಣ ಪ್ರಮಾಣಪತ್ರದ ಒಂದು ಫೋಟೋ ತೆಗೆದು ಕಳಿಸಿ ಸಾಕು ಎಂದಳು. ಪಾಲಿಶ್ ಮೆಷಿನ್ ನಿಂತಿದ್ದನ್ನು ನಾನು ಗಮನಿಸಿರಲಿಲ್ಲ. ತಲೆಯೆತ್ತಿ ನೋಡಿದರೆ ಎಲ್ಲರ ಕಣ್ಣೂ ನನ್ನ ಮೇಲೆ. ಮರಣ ಪ್ರಮಾಣಪತ್ರ ಎಂಬುದನ್ನು ಅವರೆಲ್ಲ ಕೇಳಿಸಿಕೊಂಡಿದ್ದರು. ಇನ್ನು ಯಾವ ಆಸ್ಪತ್ರೆ ಕಟ್ಟಲಿ ನಾನು, ಯಾವ ಲಿಫ್ಟ್ ಹತ್ತಿಸಲಿ ನಿಮ್ಮನ್ನು?

“ಅವರು ಸತ್ತಿಲ್ಲಮ್ಮ. ನನ್ನನ್ನು ಬಿಟ್ಟು ಹೋಗಿದ್ದಾರೆ.”

ಹೇಳಿಬಿಟ್ಟೆ. ಅಷ್ಟು ಜನರ ಮುಂದೆ, ಅಂಟು ಕೈ ಹಿಡಿದುಕೊಂಡು. ಪಾಲಿಶ್ ಮಾಡುವವಳಿದ್ದಾಳಲ್ಲ, ನನ್ನ ಬಗ್ಗೆ ಯಾವಾಗಲೂ ಏನಾದರೊಂದು ಕೊಂಕು ಆಡುವವಳು, ಅವಳು ತನ್ನ ಸ್ಟೂಲ್ ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಹಾಕಿಕೊಂಡು ಕೂತಳು.

ಫೋನಿನ ಹುಡುಗಿಗೆ ನಾನು ಕ್ಷಮೆ ಕೇಳಿದೆ. ನಿನ್ನ ಅಪ್ಪನ ದುಃಖವನ್ನು ನನ್ನದರ ಜೊತೆ ಬೆರೆಸಿಬಿಟ್ಟೆ, ಬೇಕೆಂದು ಮಾಡಿದ್ದಲ್ಲ, ಆದರೆ ತಿದ್ದಬಹುದಿತ್ತು, ತಿದ್ದಲಿಲ್ಲ ಎಂದೆ. ಬೈಯುತ್ತಾಳೆ, ಫೋನ್ ಇಡುತ್ತಾಳೆ ಎಂದುಕೊಂಡಿದ್ದೆ. ಬೈಯುವ ಹಕ್ಕೂ ಅವಳಿಗಿತ್ತು.

“ಬದುಕಿದ್ದಾರಲ್ಲ, ಅಷ್ಟು ಸಾಕು ಅಂತ ನಾನು ಹೇಳಲ್ಲ ಮೇಡಂ,” ಎಂದಳು. “ನಿಮಗೆ ಆಗಿದ್ದು ಆಗೇ ಇದೆ.”

ಆಮೇಲೆ ಮತ್ತೆ ಕೆಲಸದ ದನಿಗೆ ಬಂದು, ಹಾಗಿದ್ದರೆ ಪ್ರಮಾಣಪತ್ರ ಬೇಡ, ಮುಂದಿನ ವಾರ ಅವರಿಗೆ ಒಂದು ಸಂದೇಶ ಕಳಿಸುತ್ತೇವೆ, ಅವರು ಒಪ್ಪಿದರೆ ಖಾತೆ ನಿಮ್ಮದಾಗುತ್ತದೆ, ದುಡ್ಡೂ ನಿಮಗೇ ಬರುತ್ತದೆ ಎಂದಳು. ನೀವಿರುವ ಮನೆಯನ್ನು ಮೊದಲನೇ ಮನೆ ಎಂದು ಈಗಲೇ ಬರೆದಿದ್ದೇನೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ ಎಂದಳು. ನನ್ನ ಮಗಳ ವಯಸ್ಸಿನವಳಿರಬೇಕು.

ಮನೆಗೆ ಬಂದು ಪುಟ್ಟಿಗೆ ಎಲ್ಲ ಹೇಳಿದೆ. ನಿಮ್ಮ ಮೇಲಿನ ಅರ್ಧ ಸಿಟ್ಟು ಸುಳ್ಳು ಕಾರಣಕ್ಕೆ ಎಂದು ತಿಳಿದು ಅವಳಿಗೆ ಅಳು ಬಂತು. ಉಳಿದರ್ಧ ಹಾಗೇ ಇದೆ. ಅಕ್ಕನಿಗೂ ಫೋನ್ ಮಾಡಿ ಹೇಳಿದೆ. ಅವಳು, ಆಸ್ಪತ್ರೆ ಎಂದಾಗಲೇ ನನಗೆ ಗೊತ್ತಿತ್ತು ಕಣೇ, ನೀನಾಗಿ ಹೇಳಲಿ ಎಂದು ಕಾಯುತ್ತಿದ್ದೆ ಎಂದಳು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ನಾನು ಯಾರನ್ನು ಕಾಪಾಡುತ್ತಿದ್ದೆನೋ ನನಗೇ ಗೊತ್ತಿಲ್ಲ.

ಈಗ ನಿಮ್ಮನ್ನು ಕೇಳುವುದು ಇಷ್ಟೇ. ಖಾತೆ ಯಾರ ಹೆಸರಿನಲ್ಲಿದ್ದರೂ ನನಗೆ ಚಿಂತೆಯಿಲ್ಲ, ದುಡ್ಡು ಬಂದರೂ ಸರಿ, ಬಿಟ್ಟರೂ ಸರಿ. ಆದರೆ ಆ ಸಂದೇಶ ಬಂದಾಗ ಒಪ್ಪಿಗೆ ಒತ್ತಿ ಫೋನನ್ನು ಜೇಬಿಗೆ ಹಾಕಿಕೊಂಡುಬಿಡಬೇಡಿ. ಒತ್ತುವ ಮೊದಲು ಒಂದು ಸಲ ಮನೆಗೆ ಫೋನ್ ಮಾಡಿ. ಬರುವುದಾದರೆ ಬಂದೆ ಎನ್ನಿ, ನಾನು ಕಾರಣ ಕೇಳುವುದಿಲ್ಲ, ಪುಟ್ಟಿಯನ್ನೂ ಸುಮ್ಮನಿರಿಸುತ್ತೇನೆ. ಬರುವುದಿಲ್ಲವಾದರೆ ಬರುವುದಿಲ್ಲ ಎನ್ನಿ, ನಿಮ್ಮ ಬಾಯಿಂದಲೇ ಕೇಳುತ್ತೇನೆ. ಕೇಳಿ ಬದುಕುವ ಶಕ್ತಿ ನನಗಿದೆ. ಕೇಳದೆ ಹೀಗೆ ಅಂದಾಜಿನಲ್ಲಿ ಬದುಕುವುದಕ್ಕೆ ಇನ್ನು ಆಗುವುದಿಲ್ಲ ರೀ. ನಿಮ್ಮ ಮೇಲೆ ನನಗೆ ಪ್ರೀತಿ ಇಲ್ಲದಿದ್ದರೆ ಇಷ್ಟೆಲ್ಲ ಬರೆಯುತ್ತಿರಲಿಲ್ಲ.

ಆರೋಗ್ಯ ನೋಡಿಕೊಳ್ಳಿ. ಲಿಫ್ಟಿನ ಗುಂಡಿಯೊಳಗೆ ಇಳಿಯುವಾಗ ಬೆಲ್ಟ್ ಹಾಕಿಕೊಳ್ಳಿ, ಅವಸರ ಮಾಡಬೇಡಿ.

ಇಂತಿ ನಿಮ್ಮ ಎಂದು ಬರೆಯಲು ಹೋದೆ. ಆ ‘ನಿಮ್ಮ’ ಎಂಬ ಕಡೆ ಕೈ ನಿಂತಿತು. ನಿಮ್ಮ ಫೋನ್ ಬಂದ ಮೇಲೆ ಅದನ್ನು ತುಂಬಿಸಿಕೊಳ್ಳೋಣ.

ಇಂತಿ,
ಪುಟ್ಟಿಯ ಅಮ್ಮ

ಮರೆತ ಮಾತು (ಶುಕ್ರವಾರ, ಬೆಳಗ್ಗೆ):

ಲಕೋಟೆ ಅಂಟಿಸಿ, ಅಂಚೆಗೆ ಹಾಕಲು ಚಪ್ಪಲಿ ಮೆಟ್ಟುವಾಗ ಆ ಹುಡುಗಿಯ ಫೋನ್ ಬಂತು. ಹೇಳಲು ಬಹಳ ಹಿಂಜರಿದಳು. ಸೋಮವಾರ ನಾನು ಹೋಗಿಬಿಟ್ಟರು ಎಂದಾಗ ಅವಳು ಅದನ್ನು ಬರೆದುಕೊಂಡಳಲ್ಲ, ಆಗಲೇ ಕಂಪನಿಯ ಯಂತ್ರ ತಾನಾಗಿ ಒಂದು ಸಂತಾಪದ ಸಂದೇಶ ಕಳಿಸಿಬಿಟ್ಟಿತ್ತಂತೆ. ಖಾತೆಯಲ್ಲಿ ಇದ್ದ ನಂಬರಿಗೆ, ಅಂದರೆ ನಿಮ್ಮ ಫೋನಿಗೆ. ಯಜಮಾನರ ನಿಧನದ ಸುದ್ದಿ ಅವರ ಪತ್ನಿಯಿಂದ ತಿಳಿಯಿತು, ನಿಮ್ಮ ಕುಟುಂಬದ ದುಃಖದಲ್ಲಿ ನಾವೂ ಭಾಗಿ ಎಂದು ಅದರಲ್ಲಿ ಇತ್ತಂತೆ. ತಡೆಯಲು ಮರೆತೆ, ಕ್ಷಮಿಸಿ ಮೇಡಂ ಎಂದಳು.

ನಿನ್ನೆ ನೀವು ಅವರಿಗೆ ಫೋನ್ ಮಾಡಿದ್ದಿರಂತೆ. ನಾನು ಸತ್ತೆ ಅಂತ ಅವಳೇ ಹೇಳಿದಳಾ ಎಂದು ಕೇಳಿದಿರಂತೆ. ಇಲ್ಲ ಸರ್, ಹೋದರು ಅಂದರು, ಸತ್ತರು ಅಂದುಕೊಂಡಿದ್ದು ನಾನು ಎಂದು ಅವಳು ಹೇಳಿದಳಂತೆ. ಆಮೇಲೆ ಖಾತೆಯ ವಿಷಯ ಕೇಳಿ ತಿಳಿದುಕೊಂಡು, ಅಲ್ಲೇ ಒಪ್ಪಿಗೆ ಕೊಟ್ಟಿರಂತೆ. ಇವತ್ತಿನಿಂದ ಖಾತೆ ನನ್ನದು.

ಲಕೋಟೆ ಹರಿದು ಇಷ್ಟನ್ನು ಸೇರಿಸಿದ್ದೇನೆ. ಮೇಲೆ ಕೇಳಿದ ಫೋನನ್ನು ಇನ್ನು ಮಾಡಬೇಕಾಗಿಲ್ಲ.

ಅಲ್ಲಾ ರೀ, ನೀವು ಸತ್ತಿರೆಂದು ನಾನು ಹೇಳಿದೆ ಎನ್ನುವ ಸುದ್ದಿಯನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು, ಕೊನೆಗೆ ನೀವು ಫೋನ್ ಮಾಡಿದ್ದು ಕಂಪನಿಗೆ. ನಾನಾಗಿದ್ದರೆ ಮೊದಲು ಮನೆಗೆ ಮಾಡುತ್ತಿದ್ದೆ.